ಓಬವ್ವ ಅನ್ನೋ ನಿನ್ನ ಹೆಸರಿನ ಬಗ್ಗೆ

ಚಿತ್ರದುರ್ಗ

ಪ್ರೀತಿಯ ಮಗಳಿಗೆ,

ನಿನ್ನ ಮೆಸೇಜ್ ನೋಡಿದೆ. ಹೊಸ ಆಫೀಸಿನಲ್ಲಿ ಪರಿಚಯ ಮಾಡಿಕೊಳ್ಳುವಾಗ ಎಲ್ಲರೂ "ನಿಜವಾದ ಹೆಸರೇ ಅದಾ? ಅರ್ಥ ಏನು?" ಅಂತ ಕೇಳುತ್ತಾರೆ, ಒಮ್ಮೆ ಸರಿಯಾಗಿ ಬರೆದು ಕಳಿಸಮ್ಮ ಅಂದಿದ್ದೀಯ. ಇದು ಫೋನಿನಲ್ಲಿ ಎರಡು ಸಾಲಿಗೆ ಮುಗಿಯುವ ವಿಷಯ ಅಲ್ಲ. ಅದಕ್ಕೇ ಪತ್ರ.

ಓಬವ್ವ ಅಂದ ಕೂಡಲೇ ಜನರ ಬಾಯಲ್ಲಿ ಮೊದಲು ಬರುವುದು ಒನಕೆ. ಅದು ಸಹಜ. ಆದರೆ ಒನಕೆ ಹಿಡಿದವಳಿಗಿಂತ ಈ ಹೆಸರು ಹಳೆಯದು. ಆಕೆಗೆ ಹೆಸರಿಟ್ಟ ದಿನ ಆಕೆಯ ಅಪ್ಪ ಅಮ್ಮನಿಗೆ ಇದು ವೀರರ ಹೆಸರು ಅಂತ ಅನ್ನಿಸಿರಲಿಕ್ಕಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಇದ್ದ ಹೆಸರು, ಅಷ್ಟೇ.

ಈ ಹೆಸರು ಬಂದಿರುವುದು ಅಹೋಬಲದಿಂದ. ಅಹೋಬಲ ಇರುವುದು ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿ, ನಲ್ಲಮಲ ಕಾಡಿನ ಒಳಗೆ. ಹಿಂದೆ ಅದು ಕರ್ನೂಲು ಜಿಲ್ಲೆಗೆ ಸೇರಿತ್ತು. ಅಲ್ಲಿ ನರಸಿಂಹನಿಗೆ ಒಂಬತ್ತು ಗುಡಿ. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನನ್ನು ನೋಡಿ ದೇವತೆಗಳು "ಅಹೋ ಬಲಂ" ಅಂದರಂತೆ. ಅಬ್ಬಾ, ಎಂಥ ಬಲ! ಅಂತ. ಅಲ್ಲಿನ ಗುಹೆಯಿಂದಾಗಿ "ಅಹೋ ಬಿಲಂ" ಅನ್ನುವವರೂ ಇದ್ದಾರೆ. ಎರಡೂ ಹೇಳಿಕೆ ಊರಿನಲ್ಲಿ ನಡೆಯುತ್ತವೆ. ನನಗೆ ಮೊದಲನೆಯದೇ ಇಷ್ಟ. ನಿನ್ನ ಹೆಸರಿನೊಳಗೆ ಬಲ ಅನ್ನುವ ಮಾತು ಇದೆ ಅಂತ ನಾನು ನಂಬಿಕೊಂಡಿರುವುದು ಅದರಿಂದಲೇ.

ಅಹೋಬಲ ಜನರ ಬಾಯಲ್ಲಿ ಓಬಳ ಆಯಿತು. ತೆಲುಗು ಸೀಮೆಯಲ್ಲಿ ಓಬುಲ್ ರೆಡ್ಡಿ, ಓಬುಲೇಸು, ಓಬುಲಮ್ಮ. ನಮ್ಮ ಕಡೆ ಓಬಳೇಶ, ಓಬಯ್ಯ, ಓಬಣ್ಣ, ಓಬಕ್ಕ, ಓಬಮ್ಮ, ಓಬವ್ವ. ಓಬಳಾಪುರ ಅನ್ನುವ ಊರು ಒಂದಲ್ಲ, ಹಲವು ಇವೆ. ಆ ನರಸಿಂಹ ಕಾಡಿನ ಚೆಂಚು ಹುಡುಗಿಯನ್ನು ಮದುವೆಯಾದ ಕತೆ ನಿನಗೆ ಚಿಕ್ಕವಳಿದ್ದಾಗಲೇ ಹೇಳಿದ್ದೆ. ಚೆಂಚುಲಕ್ಷ್ಮಿ. ಕಾಡಿನವರ ಮನೆ ಅಳಿಯನಾದ ದೇವರು ಅವನು. ಬೇಟೆಯಾಡುವವರು, ದನ ಕುರಿ ಕಾಯುವವರು, ಹೊಲ ಉಳುವವರು ಅವನ ಹೆಸರನ್ನು ಅಷ್ಟು ಸಲೀಸಾಗಿ ತಮ್ಮ ಮಕ್ಕಳಿಗೆ ಇಟ್ಟುಕೊಂಡದ್ದು ಅದಕ್ಕೇ ಇರಬೇಕು ಅಂತ ನನಗನ್ನಿಸುತ್ತೆ.

ನಮ್ಮ ದುರ್ಗದಲ್ಲಂತೂ ಇದು ಮೇಲಿನಿಂದ ಕೆಳಗಿನವರೆಗೂ ಇದ್ದ ಹೆಸರು. ಪಾಳೇಗಾರರ ವಂಶ ಶುರುವಾಗುವುದು ಮತ್ತಿ ತಿಮ್ಮಣ್ಣ ನಾಯಕನಿಂದ. ಅವನ ಮಗ ಓಬಣ್ಣ ನಾಯಕ. ಪಾಳೇಗಾರರ ಮನೆಯ ರಾಣಿಯರನ್ನು ನಾಗತಿ ಅನ್ನುತ್ತಿದ್ದರು. ಆ ನಾಗತಿಯರಲ್ಲೂ ಈ ಹೆಸರಿತ್ತು. ಅದೇ ಕೋಟೆಯಲ್ಲಿ ಕಾವಲುಗಾರ ಕಹಳೆ ಮುದ್ದಹನುಮನ ಹೆಂಡತಿಯೂ ಓಬವ್ವ. ಛಲವಾದಿ ಕುಲದ ಹೆಣ್ಣುಮಗಳು. ಅರಮನೆಯಲ್ಲೂ ಅದೇ ಹೆಸರು, ಕಾವಲುಗಾರನ ಮನೆಯಲ್ಲೂ ಅದೇ ಹೆಸರು. ಇದನ್ನು ಯಾರಾದರೂ ಕೇಳಿದರೆ ತಪ್ಪದೆ ಹೇಳು.

ಆಕೆಯ ಕತೆ ನಿನಗೆ ಗೊತ್ತು. ಆದರೂ ನಿನ್ನ ಆಫೀಸಿನವರಿಗೆ ಹೇಳುವಾಗ ಒನಕೆಗಿಂತ ಮೊದಲು ನೀರಿನ ವಿಷಯ ಹೇಳು. ಗಂಡ ಊಟಕ್ಕೆ ಕೂತಿದ್ದಾನೆ. ಕೊಡದಲ್ಲಿ ನೀರಿಲ್ಲ. ಊಟದ ಮಧ್ಯೆ ಎಬ್ಬಿಸಬಾರದು ಅಂತ ತಾನೇ ತಣ್ಣೀರು ದೋಣಿಗೆ ಹೋಗುತ್ತಾಳೆ. ಅಲ್ಲಿ ಬಂಡೆಯ ಸಂದಿಯಿಂದ ಹೈದರ್ ಅಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವುದು ಕಾಣುತ್ತೆ. ಆಗಲೂ ಗಂಡನನ್ನು ಎಬ್ಬಿಸುವುದಿಲ್ಲ. ಮನೆಗೆ ಬಂದು ಒನಕೆ ತೆಗೆದುಕೊಂಡು ಹೋಗುತ್ತಾಳೆ. ಆ ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ, ಅದೂ ಬಗ್ಗಿಕೊಂಡೇ ಬರಬೇಕು. ತಲೆ ಹೊರಗೆ ಬಂದರೆ ಏಟು. ಬಿದ್ದವನನ್ನು ಪಕ್ಕಕ್ಕೆ ಎಳೆದು ಹಾಕಿ ಮುಂದಿನವನಿಗೆ ಕಾಯುವುದು. ಮುದ್ದಹನುಮ ಬಂದು ಕಹಳೆ ಊದುವ ಹೊತ್ತಿಗೆ ಹೆಣಗಳ ರಾಶಿ. ಆವತ್ತೇ ಆಕೆಯೂ ಪ್ರಾಣ ಬಿಟ್ಟಳು. 1779ರಲ್ಲಿ ಕೋಟೆ ಹೈದರನ ಕೈಗೆ ಹೋಯಿತು, ಮದಕರಿ ನಾಯಕ ಸೆರೆಯಾದ. ಆದರೆ ದುರ್ಗದ ಜನ ಇವತ್ತಿಗೂ ಹೇಳುವುದು ಆ ಒಂದು ಮಧ್ಯಾಹ್ನದ ಕತೆಯನ್ನೇ ಜಾಸ್ತಿ.

ಕೈಯಲ್ಲಿ ಕತ್ತಿ ಇರಲಿಲ್ಲ. ಭತ್ತ ಕುಟ್ಟುವ ಒನಕೆ ಇತ್ತು. ಅದನ್ನು ಎತ್ತಿ ಎತ್ತಿ ಹಾಕಿ ತೋಳು ಪಳಗಿತ್ತು. ಹಿಂದಿನ ಕಾಲದ ಯಾವ ಹೆಣ್ಣುಮಗಳಿಗೂ ಆ ಪಳಗಿದ ತೋಳು ಇತ್ತು ಮಗಳೇ. ನಾನು ಈ ಹೆಸರನ್ನು ಇಷ್ಟು ಪ್ರೀತಿಸುವುದು ಅದಕ್ಕೆ.

ಈಗ ಇನ್ನೊಂದು ಪ್ರಶ್ನೆಗೆ ಬರುತ್ತೇನೆ. ಇಷ್ಟು ಹೆಸರುವಾಸಿಯಾದ ಹೆಸರು ಇಷ್ಟು ಅಪರೂಪ ಯಾಕೆ?

ಕರ್ನಾಟಕದಲ್ಲಿ ಓಬವ್ವ ಗೊತ್ತಿಲ್ಲದ ಮಗು ಇಲ್ಲ. 1972ರ ನಾಗರಹಾವು ಸಿನಿಮಾದಲ್ಲಿ ಜಯಂತಿ ಒನಕೆ ಎತ್ತಿ ನಿಂತ ಮೇಲೆ ದುರ್ಗ ನೋಡದವರಿಗೂ ಆ ಕಿಂಡಿ ಗೊತ್ತಾಯಿತು. ನಮ್ಮೂರ ಸ್ಟೇಡಿಯಂಗೆ ಆಕೆಯ ಹೆಸರು. ಡಿ.ಸಿ. ಆಫೀಸಿನ ಮುಂದೆ ಪ್ರತಿಮೆ. ಮಹಿಳಾ ಪೊಲೀಸರ ತಂಡಕ್ಕೆ ಓಬವ್ವ ಪಡೆ ಅಂತ ಹೆಸರು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತಿದೆ. ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಪ್ರತಿ ವರ್ಷ ಪುಟ್ಟ ಪುಟ್ಟ ಓಬವ್ವಂದಿರು ರಟ್ಟಿನ ಒನಕೆ ಹಿಡಿದು ಬರುತ್ತಾರೆ. ಆದರೆ ಹಾಜರಿ ಕರೆಯುವಾಗ? ಇಷ್ಟು ವರ್ಷ ದುರ್ಗದ ಸುತ್ತಲಿನ ಶಾಲೆಗಳಲ್ಲೇ ಪಾಠ ಮಾಡಿದ್ದೇನೆ. ಓಬಳೇಶ, ಓಬಯ್ಯ ಅನ್ನುವ ಗಂಡುಮಕ್ಕಳು ಸಿಕ್ಕಿದ್ದಾರೆ. ಓಬವ್ವ ಅಂತ ಹಾಜರಿ ಪುಸ್ತಕದಲ್ಲಿ ಬರೆದ ಒಂದು ಹೆಣ್ಣುಮಗುವೂ ನನ್ನ ತರಗತಿಗೆ ಬಂದಿಲ್ಲ.

ಚೆನ್ನಮ್ಮನ ಗತಿಯೂ ಇದೇ, ಉಳ್ಳಾಲದ ಅಬ್ಬಕ್ಕನ ಗತಿಯೂ ಇದೇ. ಸರ್ಕಲ್ಲಿಗೆ ಇಡುತ್ತೇವೆ, ಕರಾವಳಿ ಕಾವಲಿನ ಹಡಗಿಗೆ ಇಡುತ್ತೇವೆ, ಮನೆಯ ಕೂಸಿಗೆ ಇಡುವುದಿಲ್ಲ.

ಕಾರಣ ಏನು ಅಂತ ಬಹಳ ಯೋಚನೆ ಮಾಡಿದ್ದೇನೆ. ಈ ಹೆಸರುಗಳು ಸತ್ತದ್ದು ತೊಟ್ಟಿಲಲ್ಲಿ ಅಲ್ಲ, ಶಾಲೆಯ ಬಾಗಿಲಲ್ಲಿ. ತೊಟ್ಟಿಲಲ್ಲಿ ಹಾಕಿದ ದಿನ ಮಗುವಿನ ಕಿವಿಯಲ್ಲಿ ಅಜ್ಜಿಯ ಹೆಸರನ್ನೋ ಮನೆದೇವರ ಹೆಸರನ್ನೋ ಈಗಲೂ ಹೇಳುತ್ತಾರೆ. ಆಮೇಲೆ ದಾಖಲಾತಿಗೆ ಬರುವಾಗ "ಅದು ಮನೆ ಹೆಸರು ಮಿಸ್, ಶಾಲೆಗೆ ಬೇರೆ ಬರೆದುಕೊಳ್ಳಿ" ಅನ್ನುತ್ತಾರೆ. ಒಂದು ಕಾಲದಲ್ಲಿ ಆ ಬೇರೆ ಹೆಸರು ಸುಜಾತ, ಮಂಜುಳ. ಆಮೇಲೆ ಕಾವ್ಯ, ಸಹನಾ. ಈಗ ಆದ್ಯ, ಅನ್ವಿ. ಯಾವುದೂ ಕೆಟ್ಟ ಹೆಸರಲ್ಲ. ಆದರೆ ನಿಂಗವ್ವ, ಗಂಗವ್ವ, ನೀಲವ್ವ, ಕೆಂಚವ್ವ ಎಲ್ಲ ಹೀಗೆ ಒಂದೊಂದಾಗಿ ಮನೆಯೊಳಗೇ ಉಳಿದುಬಿಟ್ಟರು.

ಅವ್ವ ಅಂತ ಇದ್ದರೆ ಹಳ್ಳಿ ಹೆಸರು ಅನ್ನುವ ನಾಚಿಕೆಯೇ ಇದಕ್ಕೆ ಮೂಲ. ನಾಚಿಕೆಪಡುವಂಥದ್ದು ಏನಿದೆ ಅದರಲ್ಲಿ? ಹಳೆಗನ್ನಡದ ಅಬ್ಬೆಯೇ ಅವ್ವೆ ಆಗಿ ಅವ್ವ ಆದದ್ದು. ಪಂಪನ ತಾಯಿ ಅಬ್ಬಣಬ್ಬೆ. ರನ್ನನ ತಾಯಿ ಅಬ್ಬಲಬ್ಬೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ. ಕನ್ನಡದ ದೊಡ್ಡ ಹೆಣ್ಣುಹೆಸರುಗಳ ಸಾಲಿನಲ್ಲೇ ನಿನ್ನ ಹೆಸರೂ ನಿಂತಿದೆ.

ರನ್ನನ ಬಗ್ಗೆ ಒಂದು ವಿಷಯ ನನಗೆ ತುಂಬಾ ಇಷ್ಟ. ಅವನಿಗೆ ಆಸರೆ ಕೊಟ್ಟವರು ಚಾವುಂಡರಾಯ ಮತ್ತು ಅತ್ತಿಮಬ್ಬೆ. ಅವನು ತನ್ನ ಮಗನಿಗೆ ರಾಯ ಅಂತ, ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ. ಅಜಿತಪುರಾಣದಲ್ಲಿ ಅತ್ತಿಮಬ್ಬೆಯನ್ನು ಹೊಗಳಿ ಬರೆದ. ಕವಿಗೆ ಅಷ್ಟು ಸಾಕಿತ್ತು ಅಲ್ವಾ? ಆದರೂ ದಿನಾ ಮನೆಯಲ್ಲಿ ಬಾಯಿತುಂಬ ಕರೆಯುವುದಕ್ಕೆ ಆ ಹೆಸರು ಬೇಕು ಅನ್ನಿಸಿತು ಅವನಿಗೆ. ನನಗೂ ನಿಮ್ಮಪ್ಪನಿಗೂ ಬೇಕಾಗಿದ್ದು ಅದೇ. ಪ್ರತಿಮೆಗೆ ಹಾರ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಈ ಹೆಸರಿನವಳು ಒಬ್ಬಳು ಬಸ್ ಪಾಸ್ ಮಾಡಿಸಬೇಕು, ಪರೀಕ್ಷೆ ಬರೆಯಬೇಕು, ಸಂಬಳ ತೆಗೆದುಕೊಳ್ಳಬೇಕು, ಜಗಳ ಆಡಬೇಕು, ನಗಬೇಕು ಅಂತ ನಮ್ಮ ಆಸೆ.

ನಿಮ್ಮಪ್ಪನಿಗೆ ಇನ್ನೊಂದು ಕಾರಣವೂ ಇತ್ತು. ಅವರ ಅಜ್ಜಿಯ ಹೆಸರು ಓಬವ್ವ. ಇಡೀ ಮನೆಯನ್ನು ಸಾಕಿದ ಹೆಂಗಸು. ಬರಗಾಲದಲ್ಲಿ ಕೂಲಿಗೆ ಹೋಗಿ ಮಕ್ಕಳ ಹೊಟ್ಟೆ ತುಂಬಿಸಿದವರು. ನಿಮ್ಮಜ್ಜಿಗೆ ಅವರು ಅತ್ತೆ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೀಗಾಗಿ ನಿಮ್ಮಜ್ಜಿ ನಿನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಬರೀ "ಅವ್ವಾ" ಅಂತ ಕರೆಯುತ್ತಿದ್ದರು. ನಿನ್ನನ್ನು ಬೈಯುವುದಕ್ಕೂ ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಅಜ್ಜಿ ನನ್ನ ಹೆಸರು ಹೇಳೋದೇ ಇಲ್ಲ, ಅವರಿಗೆ ಇಷ್ಟ ಇಲ್ವಾ ಅಂತ ನೀನು ಆರನೇ ಕ್ಲಾಸಿನಲ್ಲಿ ಅತ್ತಿದ್ದೆ. ಇಷ್ಟ ಇಲ್ಲದ್ದಲ್ಲ ಕಂದಾ. ಅಷ್ಟು ಮರ್ಯಾದೆ ಇತ್ತು.

ಶಾಲೆಗೆ ಬೇರೆ ಹೆಸರು ಬರೆಸಿ ಅಂತ ನೆಂಟರು ನಮಗೂ ಹೇಳಿದರು. ದೊಡ್ಡವಳಾದ ಮೇಲೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂದರು. ಹೈಸ್ಕೂಲಿನಲ್ಲಿ ಹುಡುಗರು ಛೇಡಿಸಿದಾಗ ನಿನಗೆ ನಿಜವಾಗಿಯೂ ಕಷ್ಟವಾಯಿತು. ಅದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ. ಬೇಕಾದರೆ ಹೆಸರು ಬದಲಾಯಿಸೋಣ ಅಂತ ಆಗ ನಿಮ್ಮಪ್ಪ ಕೇಳಿದರು. ಬೇಡ ಅಂದವಳು ನೀನು. ಆ ದಿನದಿಂದ ಅದು ನಾವಿಟ್ಟ ಹೆಸರಲ್ಲ, ನೀನೇ ಇಟ್ಟುಕೊಂಡ ಹೆಸರು ಅಂತ ನಾನು ಅಂದುಕೊಂಡಿದ್ದೇನೆ.

ಹಾಗಾಗಿ ಆಫೀಸಿನಲ್ಲಿ ಯಾರಾದರೂ ಕರೆಯೋಕೆ ಸುಲಭ ಆಗಲಿ ಅಂತ "ಓಬಿ" ಅಂದರೆ ಅನ್ನಲಿ, ಪ್ರೀತಿಯಿಂದ ಅಂದರೆ ತಪ್ಪಿಲ್ಲ. ಆದರೆ ಐಡಿ ಕಾರ್ಡಿನಲ್ಲಿ, ಮೇಲ್ ವಿಳಾಸದಲ್ಲಿ ಪೂರ್ತಿ ಹೆಸರು ಇರಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ವಿ ಹಾಕಿಸು. ಪಾಸ್‌ಪೋರ್ಟಿನಲ್ಲೂ ಆಧಾರಿನಲ್ಲೂ ಹಾಗೇ ಇದೆ. ಒಂದೇ ಇದ್ದರೆ ಹೊರಗಿನವರು "ಒಬಾವ" ಅಂತ ಎಳೆಯುತ್ತಾರೆ. ತೆಲುಗಿನವರು ಸಿಕ್ಕರೆ ಓಬುಲಮ್ಮ ಅಂತ ಹೇಳು, ತಕ್ಷಣ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಜನವರಿಯಲ್ಲಿ ನಾವು ಮೂವರೂ ಅಹೋಬಲಕ್ಕೆ ಹೋಗೋಣ ಅಂತ ನಿಮ್ಮಪ್ಪ ಹೇಳುತ್ತಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಹತ್ತೋದು ಕಷ್ಟ. ನಂದ್ಯಾಲದವರೆಗೆ ಹೋಗಿ ಅಲ್ಲಿಂದ ಬಸ್ ಹಿಡಿದರಾಯಿತು. ಕೆಳ ಅಹೋಬಲದಲ್ಲಿ ಉಳಿದುಕೊಂಡು ಬೆಳಿಗ್ಗೆ ಬೇಗ ಮೇಲಕ್ಕೆ ಹೊರಡಬೇಕು. ಜ್ವಾಲಾ ನರಸಿಂಹನ ಗುಡಿಗೆ ಕಾಡಿನ ದಾರಿಯಲ್ಲಿ, ಬಂಡೆಗಳ ಮೇಲೆ ನಡೆದೇ ಹೋಗಬೇಕಂತೆ. ರಜೆಗೆ ಈಗಲೇ ಅರ್ಜಿ ಕೊಡು. ಗಟ್ಟಿ ಶೂ ತಗೋ. ನಿಮ್ಮಪ್ಪನ ಮೊಣಕಾಲಿಗೆ ಒಂದು ಊರುಗೋಲೂ ನೋಡು.

ನಿನ್ನ
ಅಮ್ಮ