ಭಾನುವಾರದ ಲ್ಯಾಟಿನ್ ಪಾಠಕ್ಕೆ: ಬಟ್ಟೆಬರೆಯ ಪದಗಳು

ಎಲ್ಲರಿಗೂ ನಮಸ್ಕಾರ. ಈ ಸಲ ಉಡುಪಿನ ಪದಗಳನ್ನು ನೋಡಿಕೊಂಡು ಬನ್ನಿ. ಮೊದಲು 'ತೊಗ'. ಒ ಹ್ರಸ್ವ, ತೋಗ ಅಲ್ಲ. ಕನ್ನಡದಲ್ಲಿ ಬರೆದುಕೊಂಡರೆ ಇದು ತಪ್ಪೋದಿಲ್ಲ, ಅಲ್ವಾ? ಹೊಲಿಗೆಯಿಲ್ಲದ ದೊಡ್ಡ ಉಣ್ಣೆ ಬಟ್ಟೆ. ಎಡ ಹೆಗಲ ಮೇಲೆ ಹಾಕಿ ಮೈಗೆ ಸುತ್ತಿಕೊಳ್ಳುವುದು. ರೋಮ್‌ನಲ್ಲಿ ಚುನಾವಣೆಗೆ ನಿಂತವರು ಅದಕ್ಕೆ ಸೀಮೆಸುಣ್ಣ ಉಜ್ಜಿ, ಬೆಳ್ಳಗೆ ಹೊಳೆಯುವಂತೆ ಮಾಡಿಕೊಂಡು ಮತ ಕೇಳುತ್ತಿದ್ದರು. 'ಕಂದಿದುಸ್' ಅಂದರೆ ಹೊಳೆಯುವ ಬಿಳುಪು. ನಾವು ದಿನಾ ಹೇಳುವ 'ಕ್ಯಾಂಡಿಡೇಟ್' ಹುಟ್ಟಿದ್ದು ಅಲ್ಲಿಂದಲೇ! ನನಗಂತೂ ಇದು ತುಂಬಾ ಇಷ್ಟ. ಮದುವೆಯಾದ ಹೆಂಗಸರದು 'ಸ್ತೊಲ' ಅನ್ನುವ ಉದ್ದ ನಿಲುವಂಗಿ, ಒಳಗೆ ಎಲ್ಲರಿಗೂ 'ತುನಿಕ' ಅನ್ನುವ ಅಂಗಿ. ಸುಮ್ನೆ ಬಾಯಿಪಾಠ ಮಾಡಬೇಡಿ, ಒಂದು ಹಳೇ ಬೆಡ್‌ಶೀಟ್ ತೊಗದ ಹಾಗೆ ಸುತ್ತಿಕೊಂಡು ನಡೆದು ನೋಡಿ. ಎಡಗೈ ಅದನ್ನು ಹಿಡಿಯೋದಕ್ಕೇ ಬೇಕಾಗುತ್ತದೆ. ಫೋಟೋ ಇಲ್ಲಿ ಹಾಕಿ.