ಭಾನುವಾರದ ಅಧ್ಯಯನ: ಅರಸ ಯೋಷೀಯ

ಎಲ್ಲ ಸದಸ್ಯರಿಗೆ ವಂದನೆಗಳು. ಈ ಭಾನುವಾರ ಆರಾಧನೆ ಮುಗಿದ ಬಳಿಕ, ಬೆಳಿಗ್ಗೆ 11ಕ್ಕೆ, ಎಂಟನೆಯ ವಯಸ್ಸಿನಲ್ಲೇ ಯೆರೂಸಲೇಮನ್ನು ರಾಜಧಾನಿಯಾಗಿ ಹೊಂದಿದ್ದ ಪ್ರಾಚೀನ ಯೆಹೂದ ರಾಜ್ಯದ ಪಟ್ಟವೇರಿ 31 ವರ್ಷ ಆಳಿದ ಯೋಷೀಯನನ್ನು ಕುರಿತು ಚರ್ಚಿಸಲಿದ್ದೇವೆ. ಬೈಬಲಿನ ಎರಡನೆಯ ಅರಸುಗಳು ಪುಸ್ತಕದ 22 ಮತ್ತು 23ನೆಯ ಅಧ್ಯಾಯಗಳನ್ನು ದಯವಿಟ್ಟು ಓದಿಕೊಂಡು ಬನ್ನಿ.

ದೇವಾಲಯದ ದುರಸ್ತಿಯ ವೇಳೆ ಧರ್ಮೋಪದೇಶ ಗ್ರಂಥ, ಅಂದರೆ ದೇವರ ನಿಯಮಗಳ ಪುಸ್ತಕ, ಸಿಕ್ಕಾಗ ಅರಸನು ಪ್ರವಾದಿನಿ ಹುಲ್ದಳ ಮಾತು ಕೇಳಿಸಿಕೊಂಡನು. ಆಮೇಲೆ ಊರೂರಿನ ಪೂಜಾಸ್ಥಳಗಳನ್ನು ಕೆಡಿಸಿ ಆರಾಧನೆಯನ್ನು ಯೆರೂಸಲೇಮಿಗೇ ಸೀಮಿತಗೊಳಿಸಿದ್ದು ಬರೀ ಭಕ್ತಿಯೋ, ಯೆಹೂದದ ಮೇಲೆ ಅಧಿಕಾರ ನಡೆಸುತ್ತಿದ್ದ ಅಶ್ಶೂರ ಸಾಮ್ರಾಜ್ಯದ ಹಿಡಿತ ಸಡಿಲಿದ ಹೊತ್ತಿನ ರಾಜಕೀಯವೂ ಹೌದೋ ಎಂಬುದೇ ನಮ್ಮ ಮುಖ್ಯ ಪ್ರಶ್ನೆ. ಎರಡನ್ನೂ ಬೇರ್ಪಡಿಸುವುದು ಕಷ್ಟವೆಂದೇ ನನ್ನ ಅನಿಸಿಕೆ.

ಹೋದ ಸಲ ವಂಶಾವಳಿಯಲ್ಲೇ ಸಮಯ ಕಳೆದುಹೋದ್ದರಿಂದ ಈ ಬಾರಿ ನೇರವಾಗಿ ಪ್ರಶ್ನೆಗೆ ಬರೋಣ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ.