ಸೋಮವಾರದಿಂದ ವ್ಯಾಯಾಮದ ತೀವ್ರತೆ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಹೃದಯಾಘಾತದ ನಂತರದ ಪುನಶ್ಚೇತನ ವ್ಯಾಯಾಮಕ್ಕೆ ಬರುತ್ತಿರುವವರು ಸೋಮವಾರದಿಂದ ನಡಿಗೆ ಹಾಗೂ ಸೈಕಲ್ ಅಭ್ಯಾಸದ ವೇಳೆ ತಮಗಾಗುವ ಶ್ರಮವನ್ನು 6ರಿಂದ 20ರವರೆಗಿನ ಬೋರ್ಗ್ ಮಾಪಕದಲ್ಲಿ (6 ಅಂದರೆ ಶ್ರಮವೇ ಇಲ್ಲ, 20 ಅಂದರೆ ಗರಿಷ್ಠ ಶ್ರಮ) ಅಂದಾಜಿಸಿ ಹಾಳೆಯಲ್ಲಿ ಬರೆಯಬೇಕೆಂದು ಕೋರುತ್ತೇನೆ. ವೈದ್ಯರು ಬೇರೆ ಮಿತಿ ಹೇಳಿರದಿದ್ದರೆ ಅದು 11ರಿಂದ 13ರೊಳಗಿರಲಿ, ಅಂದರೆ ಉಸಿರಾಟ ಹೆಚ್ಚಿದರೂ ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಆಡಬಲ್ಲಷ್ಟಿರಲಿ. ಹೃದಯಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿಬಡಿತ ಶ್ರಮಕ್ಕೆ ತಕ್ಕಷ್ಟು ಏರುವುದಿಲ್ಲವಾದ್ದರಿಂದ ಕೈಗಡಿಯಾರ ತೋರಿಸುವ ಅಂಕಿಯೊಂದನ್ನೇ ನಂಬಿ ವೇಗ ಹೆಚ್ಚಿಸಬಾರದು. ಪಕ್ಕದವರೊಂದಿಗೆ ಪೈಪೋಟಿಯಂತೂ ಬೇಡವೇ ಬೇಡ. ಮುಗಿಸುವಾಗ ಥಟ್ಟನೆ ನಿಲ್ಲದೆ ವೇಗವನ್ನು ಇಳಿಸುತ್ತ ಬನ್ನಿ. ಆದರೆ ಎದೆನೋವು ಅಥವಾ ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ಸಿಬ್ಬಂದಿಗೆ ತಿಳಿಸಿ.

ಇತ್ತೀಚೆಗೆ ಔಷಧಿ ಬದಲಾದವರು ಭಾನುವಾರ ಸಂಜೆಯೊಳಗೆ ನನಗೆ ಪ್ರತ್ಯೇಕವಾಗಿ ತಿಳಿಸಬೇಕು. ಉಳಿದವರು ಇಲ್ಲಿ ‘ಓದಿದೆ’ ಎಂದು ಉತ್ತರಿಸಿದರೆ ಸಾಕು.